ಒಂಬತ್ತು ದಾಳ, ಒಂದು ಕೋಟಿ ಕಥೆ!

ಅಂಗೈಯಗಲದ ಒಂದು ಡಬ್ಬಿ. ಒಳಗೆ ಒಂಬತ್ತು ಬಿಳಿ ದಾಳ. ಒಂದೊಂದಕ್ಕೂ ಆರಾರು ಮುಖ. ಆದರೆ ಆ ಮುಖಗಳ ಮೇಲೆ ಚುಕ್ಕಿಗಳಿಲ್ಲ, ಅಂಕಿಗಳಿಲ್ಲ. ಚಿತ್ರಗಳಿವೆ! ಒಂದರಲ್ಲಿ ಆಮೆ, ಇನ್ನೊಂದರಲ್ಲಿ ಬೀಗದ ಕೈ, ಮತ್ತೊಂದರಲ್ಲಿ ಚಂದ್ರ. ವಿಮಾನ, ಕುರಿ, ಸೇತುವೆ, ಜೇನುನೊಣ... ಎಲ್ಲ ಸೇರಿ 54 ಚಿತ್ರ. ಇಷ್ಟೇ ಆಟದ ಸಾಮಾನು. ಬ್ಯಾಟರಿ ಬೇಡ, ಪರದೆ ಬೇಡ, ವೈಫೈ ಬೇಡ.

ಈಗ ಒಂಬತ್ತನ್ನೂ ಬೊಗಸೆಯಲ್ಲಿ ಕುಲುಕಿ ನೆಲಕ್ಕೆ ಚೆಲ್ಲಿ. ಒಂಬತ್ತು ಚಿತ್ರಗಳು ಮೇಲೆ ಮುಖ ಮಾಡಿ ನಿಲ್ಲುತ್ತವೆ. ಇನ್ನೊಮ್ಮೆ ಚೆಲ್ಲಿ, ಬೇರೆ ಒಂಬತ್ತು. ಹೀಗೆ ಎಷ್ಟು ಬಗೆಯಲ್ಲಿ ಬೀಳಬಹುದು? ನೂರು? ಸಾವಿರ? ಆರನ್ನು ಆರರಿಂದ ಗುಣಿಸಿ, ಮತ್ತೆ ಆರರಿಂದ, ಮತ್ತೆ ಆರರಿಂದ... ಒಂಬತ್ತು ಆರುಗಳನ್ನು ಹೀಗೆ ಗುಣಿಸಿದರೆ ಸಿಗುವ ಉತ್ತರ 1,00,77,696! ಒಂದು ಕೋಟಿ ದಾಟಿತು!

ನಿಲ್ಲಿ, ಬೆರಗು ಇನ್ನೂ ಮುಗಿದಿಲ್ಲ. ಒಂದೊಂದು ಜೋಡಣೆಗೆ ಒಂದೊಂದು ನಿಮಿಷದಂತೆ, ಊಟ ನಿದ್ದೆ ಬಿಟ್ಟು ಹಗಲು ರಾತ್ರಿ ಹೇಳುತ್ತಾ ಹೋದರೂ ಮುಗಿಸಲು 19 ವರ್ಷ ಬೇಕು. ಮಲಗುವ ಹೊತ್ತಿಗೆ ದಿನಕ್ಕೊಂದೇ ಕಥೆ ಎನ್ನುವವರಿಗೆ 27,000 ವರ್ಷಕ್ಕೂ ಮೇಲೆ! ಮಗು ಯಾವ ಚಿತ್ರವನ್ನು ಮೊದಲು ಎತ್ತಿಕೊಂಡಿತು, ಯಾವುದನ್ನು ಕೊನೆಗೆ ಉಳಿಸಿಕೊಂಡಿತು ಎಂಬ ಕ್ರಮವನ್ನೂ ಲೆಕ್ಕಕ್ಕೆ ಹಿಡಿದರೆ ಸಂಖ್ಯೆ 3 ಲಕ್ಷ 65 ಸಾವಿರ ಕೋಟಿ ಮೀರುತ್ತದೆ. ಅಂಗಿಯ ಜೇಬಿನಲ್ಲಿ ಹಿಡಿಯುವ ಡಬ್ಬಿಯೊಳಗೆ!

ಒಂದೇ ಉಸಿರಿನ ನಿಯಮ

ನಿಯಮ ಹೇಳಿ ಮುಗಿಸಲು ಒಂದು ಉಸಿರು ಸಾಕು. ದಾಳ ಚೆಲ್ಲಿ. ಮೊದಲು ಕಣ್ಣು ಸೆಳೆದ ಚಿತ್ರವನ್ನು ಹಿಡಿದುಕೊಳ್ಳಿ. 'ಒಂದಾನೊಂದು ಕಾಲದಲ್ಲಿ' ಎಂದು ಶುರು ಮಾಡಿ. ಒಂಬತ್ತು ಚಿತ್ರಗಳೂ ಕಥೆಯೊಳಗೆ ಬಂದು ಹೋಗಬೇಕು. ಮುಗಿಯಿತು!

ಗೆದ್ದವರಾರು? ಯಾರೂ ಇಲ್ಲ. ಸೋತವರಾರು? ಅವರೂ ಇಲ್ಲ. ಅಂಕ ಬರೆದಿಡುವ ಚೀಟಿಯೇ ಇಲ್ಲದ ದಾಳದಾಟ ಇದು. ಒಬ್ಬರೇ ಆಡಬಹುದು. ನಾಲ್ಕೈದು ಮಂದಿ ಇದ್ದರೆ ದಾಳಗಳನ್ನು ಹಂಚಿಕೊಂಡು, ಒಬ್ಬರು ಬಿಟ್ಟಲ್ಲಿಂದ ಇನ್ನೊಬ್ಬರು ಎಳೆ ಹಿಡಿದು ಮುಂದುವರಿಸಬಹುದು. ತೀರಾ ಚಿಕ್ಕವರಿಗೆ ಮೂರು ದಾಳದ ಮೂರು ಪಾಲು ಮಾಡಿಕೊಡಬಹುದು: ಮೊದಲ ಮೂರು ಕಥೆಯ ಆರಂಭಕ್ಕೆ, ನಡುವಿನ ಮೂರು ಪೇಚಿಗೆ, ಕೊನೆಯ ಮೂರು ಪರಿಹಾರಕ್ಕೆ. ನೋಡಿ, ಆದಿ-ಮಧ್ಯ-ಅಂತ್ಯ ಎಂಬ ಕಥಾಪಾಠ ಇಲ್ಲಿ ನೆಲದ ಮೇಲೆ ಕೂತು, ನಗುತ್ತಾ, ಪಾಠ ಎನ್ನಿಸದೆಯೇ ಮುಗಿದುಹೋಗುತ್ತದೆ.

ಐವತ್ತನಾಲ್ಕರ ಗುಟ್ಟು

ಇಂಥದ್ದೊಂದು ಆಟ ಯಾರ ತಲೆಯಲ್ಲಿ ಹುಟ್ಟಿತು ಎಂದು ಹುಡುಕಿಕೊಂಡು ಹೊರಟರೆ ದಾರಿ ಉತ್ತರ ಐರ್ಲೆಂಡಿಗೆ ಹೋಗುತ್ತದೆ. ಅಲ್ಲಿನ ರೋರಿ ಓ'ಕಾನರ್ ಮಕ್ಕಳ ಆಟಿಕೆ ಮಾಡುವವರೇ ಅಲ್ಲ! ಸಮಸ್ಯೆಗಳನ್ನು ಹೊಸ ಬಗೆಯಲ್ಲಿ ಬಿಡಿಸುವುದು ಹೇಗೆ ಎಂದು ದೊಡ್ಡವರಿಗೆ ತರಬೇತಿ ಕೊಡುವುದು ಅವರ ಕೆಲಸ. ಒಂದು ಸಮಸ್ಯೆಯ ಮುಂದೆ ಸಿಕ್ಕಿಬಿದ್ದವರು ಅದನ್ನು 54 ಚಿತ್ರಗಳ ಮೂಲಕ, ಅಂದರೆ 54 ಕೋನಗಳಿಂದ ನೋಡಲಿ ಎಂಬುದು ಅವರ ಹಂಚಿಕೆ.

54 ಯಾಕೆ? ಇಲ್ಲೇ ಇದೆ ಮೈ ಜುಮ್ಮೆನ್ನಿಸುವ ಸಂಗತಿ. ರೂಬಿಕ್ಸ್ ಕ್ಯೂಬ್ ಕೈಗೆತ್ತಿಕೊಳ್ಳಿ. ಆರು ಮುಖ, ಒಂದು ಮುಖಕ್ಕೆ ಒಂಬತ್ತು ಚೌಕ. ಆರು ಒಂಬತ್ಲಿ 54! ಓ'ಕಾನರ್ ಮೊದಲು ಚಿತ್ರಗಳನ್ನು ಕೂರಿಸಿದ್ದು ಇಂಥ ತಿರುಗುವ ಘನದ ಮೇಲೆಯೇ. ಆಮೇಲೆ ಅದು ಒಡೆದು ಬಿಡಿ ದಾಳಗಳಾಯಿತು. ಒಂಬತ್ತು ದಾಳ, ದಾಳಕ್ಕೆ ಆರು ಮುಖ, ಒಂಬತ್ತಾರ್ಲಿ ಮತ್ತೆ ಅದೇ 54! ಒಂದು ಚಿತ್ರವೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಬುಡಾಪೆಸ್ಟಿನಲ್ಲಿ ವಾಸ್ತುಶಿಲ್ಪ ಕಲಿಸುತ್ತಿದ್ದ ಎರ್ನೋ ರೂಬಿಕ್ 1974ರಲ್ಲಿ ರೂಪಿಸಿದ ಒಗಟು, ಸರಿ ಉತ್ತರ ಒಂದೇ ಇರುವ ಒಗಟು, ಇಲ್ಲಿ ತಪ್ಪು ಉತ್ತರವೇ ಇಲ್ಲದ ಆಟವಾಗಿ ಮರುಜನ್ಮ ತಾಳಿತು.

ದೊಡ್ಡವರ ಕಾರ್ಯಾಗಾರದಲ್ಲಿ ಹುಟ್ಟಿದ ಸಾಮಾನು ಮಕ್ಕಳ ಕೈಸೇರಿ 'ರೋರೀಸ್ ಸ್ಟೋರಿ ಕ್ಯೂಬ್ಸ್' ಎಂಬ ಹೆಸರಿನಲ್ಲಿ ಲೋಕ ಸುತ್ತಿತು. ಬೆನ್ನಿಗೇ ತಮ್ಮ ತಂಗಿಯರೂ ಬಂದರು: ಓಡುವುದು, ಬೀಳುವುದು, ತಟ್ಟುವುದು ಮುಂತಾದ ಕ್ರಿಯೆಗಳ ಚಿತ್ರವಿರುವ 'ಆಕ್ಷನ್ಸ್', ದೂರ ಪಯಣದ ಚಿತ್ರಗಳಿರುವ 'ವಾಯೇಜಸ್'. ಹೊಸ ಭಾಷೆ ಕಲಿಸುವ ಮೇಷ್ಟರುಗಳು ಇದನ್ನು ತರಗತಿಗೆ ಒಯ್ದರು. ಮಾತು ತಡವಾದ ಮಕ್ಕಳಿಗೆ ತರಬೇತಿ ಕೊಡುವವರು ತಮ್ಮ ಮೇಜಿನ ಮೇಲಿಟ್ಟುಕೊಂಡರು. ದಾಳದ ಮೇಲೆ ಒಂದಕ್ಷರವೂ ಇಲ್ಲವಲ್ಲ! ಹಾಗಾಗಿ ಯಾವ ಭಾಷೆಗೂ ಅನುವಾದ ಬೇಕಿಲ್ಲ, ಓದು ಬಾರದ ಕೂಸಿಗೂ ಹಿಂಜರಿಕೆಯಿಲ್ಲ.

ಮೂರೇ ಚಿತ್ರ, ಮೂರು ಲೋಕ

ನಂಬಿಕೆ ಬರಲಿಲ್ಲವೇ? ಒಂಬತ್ತು ಬೇಡ, ಮೂರೇ ಚಿತ್ರ ತೆಗೆದುಕೊಳ್ಳೋಣ. ಆಮೆ, ಸೇತುವೆ, ಬೀಗದ ಕೈ.

ಒಂದನೆಯದು. ಒಂದೂರಿನಲ್ಲಿ ರಾತ್ರಿಯಾದರೆ ಸೇತುವೆಗೆ ಬೀಗ ಜಡಿಯುತ್ತಿದ್ದರಂತೆ. ಬೀಗದ ಕೈ ಇರುತ್ತಿದ್ದದ್ದು ಆಮೆಯ ಹತ್ತಿರ. ಬೆಳಿಗ್ಗೆ ಅದು ಬಂದು ತೆಗೆಯಬೇಕು. ಆಮೆ ನಡೆದು ಬರುವಷ್ಟರಲ್ಲಿ ಸಂಜೆ ನಾಲ್ಕೂವರೆ! ಶಾಲೆ ಇದ್ದದ್ದು ಹೊಳೆಯಾಚೆ. ಆ ಊರಿನ ಮಕ್ಕಳು ಇವತ್ತಿಗೂ ಆಮೆಗೆ ದಿನಾ ಹುಲ್ಲು ಹಾಕಿ ಸಾಕುತ್ತಿದ್ದಾರೆ.

ಎರಡನೆಯದು. ಮರಿ ಆಮೆಗೆ ತನ್ನ ಚಿಪ್ಪಿನಲ್ಲೊಂದು ಪುಟ್ಟ ಬಾಗಿಲಿದೆ ಎಂದು ಗೊತ್ತಾಯಿತು. ಬಾಗಿಲಿಗೆ ಬೀಗ. ಬೀಗದ ಕೈ ಸೇತುವೆಯಾಚೆ ಇದ್ದ ಅಜ್ಜಿಯ ಬಳಿ. ಮರಿ ಹೊರಟಿತು. ಸೇತುವೆ ದಾಟುವಷ್ಟರಲ್ಲಿ ಅದಕ್ಕೇ ವಯಸ್ಸಾಗಿ ಅದೇ ಅಜ್ಜಿಯಾಗಿತ್ತು! ಬಾಗಿಲು ತೆರೆದು ನೋಡಿದರೆ ಒಳಗೆ ಒಂದು ಮೊಟ್ಟೆ.

ಮೂರನೆಯದು. ಖಜಾನೆಯ ಬೀಗದ ಕೈ ಕಳವಾಯಿತು. ಸೇತುವೆಯ ಕೆಳಗೆ ಎಸೆದೆ ಎಂದು ಕಳ್ಳ ಒಪ್ಪಿಕೊಂಡ. ಪೊಲೀಸರು ಹೊಳೆಯ ತಳವನ್ನೆಲ್ಲ ಜಾಲಾಡಿದರು. ಸಿಗಲಿಲ್ಲ. ದಡದ ಮೇಲೆ ಆಡುತ್ತಿದ್ದ ಹುಡುಗಿಯೊಬ್ಬಳು ಕಿವಿಗೊಟ್ಟು ಕೇಳಿದಳು: ಎಲ್ಲ ಆಮೆಗಳೂ ಸದ್ದಿಲ್ಲದೆ ನಡೆಯುತ್ತಿವೆ, ಒಂದು ಮಾತ್ರ ಹೆಜ್ಜೆಗೊಮ್ಮೆ ಕಿಣಿಕಿಣಿ ಎನ್ನುತ್ತಿದೆ!

ಅವೇ ಮೂರು ಚಿತ್ರ. ಒಂದು ನಗಿಸಿತು, ಒಂದು ಯೋಚನೆಗೆ ಹಚ್ಚಿತು, ಒಂದು ಪತ್ತೇದಾರಿಯಾಯಿತು. ನಾಲ್ಕನೆಯದನ್ನು ನಿಮ್ಮ ಮನೆಯ ಮಗುವಿಗೆ ಬಿಡಿ. ಅದು ಹೇಳುವುದು ಈ ಮೂರಕ್ಕೂ ಹತ್ತಿರವಿರುವುದಿಲ್ಲ.

ಕಥೆ ಇರುವುದು ಚಿತ್ರದಲ್ಲಲ್ಲ!

ಹಾಗಾದರೆ ಕಥೆ ಎಲ್ಲಿತ್ತು? ಆಮೆಯಲ್ಲೇ? ಅಲ್ಲ. ಸೇತುವೆಯಲ್ಲೇ? ಅಲ್ಲ. ಆಮೆಗೂ ಬೀಗದ ಕೈಗೂ ನಡುವೆ ಇದ್ದ ಖಾಲಿ ಜಾಗದಲ್ಲಿತ್ತು! ದಾಳ ಮಗುವಿಗೆ ಕಥೆಯನ್ನು ಕೊಡುವುದಿಲ್ಲ. ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ವಸ್ತುಗಳನ್ನು ಪಕ್ಕಪಕ್ಕ ತಂದಿಟ್ಟು ಸುಮ್ಮನಾಗುತ್ತದೆ. ನಡುವಿನ ಆ ಖಾಲಿಯನ್ನು ಕಂಡ ಮನಸ್ಸು ಸುಮ್ಮನಿರಲಾರದೆ ತಾನೇ ದಾರಿ ಹಾಕುತ್ತದೆ. ಈ ಆಟದ ಜೀವ ಇರುವುದು ಇಲ್ಲಿ.

'ಏನಾದರೂ ಒಂದು ಕಥೆ ಹೇಳು ಪುಟ್ಟಾ' ಎಂದು ಮಗುವನ್ನು ಕೇಳಿ ನೋಡಿ. ಅದು ಸೂರು ನೋಡುತ್ತದೆ, ಬೆರಳು ಕಚ್ಚುತ್ತದೆ, 'ಗೊತ್ತಿಲ್ಲ' ಎಂದು ಓಡಿಹೋಗುತ್ತದೆ. ಏನಾದರೂ ಎಂಬುದು ಎಲ್ಲಕ್ಕಿಂತ ಕಷ್ಟದ ಪ್ರಶ್ನೆ! ಅದೇ ಮಗುವಿನ ಮುಂದೆ ಕುರಿ ಮತ್ತು ವಿಮಾನದ ಚಿತ್ರ ಇಡಿ. ಕುರಿ ವಿಮಾನ ಹತ್ತಿತೇ? ಟಿಕೆಟ್ ಯಾರು ತೆಗೆಸಿದರು? ಕಿಟಕಿ ಪಕ್ಕದ ಸೀಟು ಸಿಕ್ಕಿತೇ? ಉಣ್ಣೆ ಇರುವುದರಿಂದ ಅದಕ್ಕೆ ಚಳಿಯಾಗಲಿಲ್ಲವೇ? ಪ್ರಶ್ನೆಗಳು ತಾವೇ ಸಾಲುಗಟ್ಟುತ್ತವೆ. ಬೇಲಿ ಹಾಕಿದೆವು ಅಂದುಕೊಂಡರೆ ಬಯಲು ತೆರೆಯಿತು!

ಮನಶ್ಶಾಸ್ತ್ರಜ್ಞರು ಈ ವಿಸ್ಮಯವನ್ನು ತಮ್ಮದೇ ದಾರಿಯಲ್ಲಿ ಮುಟ್ಟಿದ್ದಾರೆ. ಅಮೆರಿಕದ ಸಾರ್ನಾಫ್ ಮೆಡ್ನಿಕ್ 1962ರಲ್ಲಿ ಮಂಡಿಸಿದ ವಾದ ಇದು: ಒಂದರಿಂದ ಒಂದು ದೂರವಿರುವ ಸಂಗತಿಗಳನ್ನು ಬೆಸೆಯುವ ಶಕ್ತಿಯೇ ಸೃಜನಶೀಲತೆಯ ತಿರುಳು. ಬೆಸೆದ ಸಂಗತಿಗಳು ದೂರದವಾದಷ್ಟೂ ಹುಟ್ಟುವುದು ಹೊಸದು. ಪ್ಯಾಟ್ರಿಷಿಯಾ ಸ್ಟೋಕ್ಸ್ 2006ರಲ್ಲಿ ಒಂದಿಡೀ ಪುಸ್ತಕವನ್ನೇ ಬರೆದು, ಕಲಾವಿದರು ಹೊಸತನಕ್ಕೆ ನುಗ್ಗಿದ್ದು ಕಟ್ಟುಪಾಡಿಲ್ಲದ ಕಡೆಯಲ್ಲಲ್ಲ, ತಾವೇ ಆರಿಸಿಕೊಂಡ ಕಟ್ಟುಪಾಡುಗಳ ಮೂಲಕ ಎಂದು ತೋರಿಸಿದರು. ಅದಕ್ಕೂ ಬಹಳ ಹಿಂದೆ, 1930ರಲ್ಲಿ, ರಷ್ಯಾದ ಲೆವ್ ವಿಗೋಟ್‌ಸ್ಕಿ ಮಕ್ಕಳ ಕಲ್ಪನೆಯ ಬಗ್ಗೆ ಬರೆಯುತ್ತಾ ಇನ್ನೊಂದು ಬಾಗಿಲು ತೆರೆದಿದ್ದರು. ಕಲ್ಪನೆ ಶೂನ್ಯದಿಂದ ಹುಟ್ಟುವುದಿಲ್ಲ, ಕಂಡದ್ದು ಕೇಳಿದ್ದು ಮುಟ್ಟಿದ್ದನ್ನೇ ಅದು ಒಡೆದು ಮರುಜೋಡಿಸುತ್ತದೆ. ಆದ್ದರಿಂದ ಮಗುವಿನ ಅನುಭವ ಹಿಗ್ಗಿದಷ್ಟೂ ಕಲ್ಪನೆ ಹಿಗ್ಗುತ್ತದೆ. ದಾಳದ ಆಟವನ್ನು ಇದಕ್ಕಿಂತ ಚೆನ್ನಾಗಿ ವಿವರಿಸಲು ಸಾಧ್ಯವೇ? ಬಸ್ಸಿನಲ್ಲಿ ಕುರಿ ಕಂಡ ಮಗು ವಿಮಾನದಲ್ಲೂ ಕುರಿಯನ್ನು ಕಾಣುತ್ತದೆ.

ಕಪ್ಪುಹಲಗೆಯ ಎರಡು ಬದಿ

ಈ ಗುಟ್ಟನ್ನು ದಾಳವೇ ಇಲ್ಲದೆ ಹಿಡಿದ ಒಬ್ಬ ಮೇಷ್ಟರು ಇಟಲಿಯಲ್ಲಿದ್ದರು. ಹೆಸರು ಜಾನ್ನಿ ರೋದಾರಿ. 1920ರಲ್ಲಿ ಹುಟ್ಟಿದವರು. ಮೊದಲು ಶಾಲೆಯಲ್ಲಿ ಮೇಷ್ಟರು, ಆಮೇಲೆ ಪತ್ರಕರ್ತ, ಎಲ್ಲಕ್ಕಿಂತ ಮಿಗಿಲಾಗಿ ಮಕ್ಕಳ ಕಥೆಗಾರ. ಮಕ್ಕಳ ಸಾಹಿತ್ಯಕ್ಕೆ ಸಲ್ಲುವ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಪ್ರಶಸ್ತಿ 1970ರಲ್ಲಿ ಅವರಿಗೆ ಬಂತು.

ತರಗತಿಯಲ್ಲಿ ಅವರು ಮಾಡುತ್ತಿದ್ದದ್ದೇನು ಗೊತ್ತೇ? ಒಬ್ಬ ಹುಡುಗನನ್ನು ಕರೆದು ಕಪ್ಪುಹಲಗೆಯ ಈ ಬದಿಗೆ ಒಂದು ಪದ ಬರೆಸುತ್ತಿದ್ದರು. ಇನ್ನೊಬ್ಬ ಹಲಗೆಯ ಆ ಬದಿಗೆ, ಮೊದಲನೆಯದನ್ನು ನೋಡದೆ, ಇನ್ನೊಂದು ಪದ ಬರೆಯಬೇಕು. ಈಚೆ ಬಂದದ್ದು ನಾಯಿ. ಆಚೆ ಬಂದದ್ದು ಬಟ್ಟೆಯ ಬೀರು! ತರಗತಿ ಗೊಳ್ಳೆಂದಿತು. ಅಲ್ಲಿಂದ ಶುರು. ಬೀರುವಿನೊಳಗಿನ ನಾಯಿ. ಬೀರುವಿನ ಮೇಲಿನ ನಾಯಿ. ನಾಯಿಯದೇ ಸ್ವಂತ ಬೀರು. ಬೀರು ಹೊತ್ತು ಬೀದಿಯಲ್ಲಿ ಹೊರಟ ನಾಯಿ. ಒಂದೊಂದಕ್ಕೂ ಒಂದೊಂದು ಕಥೆ! ನಾಯಿ ಮತ್ತು ಕುದುರೆ ಬಂದಿದ್ದರೆ ಇಷ್ಟು ಆಗುತ್ತಿರಲಿಲ್ಲ ಎನ್ನುತ್ತಾರೆ ರೋದಾರಿ. ಎರಡೂ ಪ್ರಾಣಿಗಳೇ, ಒಂದೇ ಹಟ್ಟಿಯವು, ನಡುವೆ ದೂರವೇ ಇಲ್ಲ. ಕಲ್ಪನೆಗೆ ಕಿಡಿ ಹೊತ್ತಲು ಪದಗಳು ಒಂದಕ್ಕೊಂದು ಅಪರಿಚಿತವಾಗಿರಬೇಕು.

1972ರ ಮಾರ್ಚ್ ತಿಂಗಳಿನಲ್ಲಿ ರೆಜ್ಜೋ ಎಮೀಲಿಯಾ ಎಂಬ ಊರಿನ ಶಿಕ್ಷಕರ ಜೊತೆ ಅವರು ಕೆಲವು ದಿನ ಕೂತು ಇವೆಲ್ಲವನ್ನೂ ಚರ್ಚಿಸಿದರು. ಅದೇ ಮುಂದಿನ ವರ್ಷ ಪುಸ್ತಕವಾಗಿ ಬಂತು. ಹೆಸರು 'ಗ್ರಮಾಟಿಕಾ ದೆಲ್ಲಾ ಫಾಂಟಾಸಿಯಾ', ಅಂದರೆ ಕಲ್ಪನೆಗೊಂದು ವ್ಯಾಕರಣ. ಅಚ್ಚು ಹಾಕಿದ್ದು ತೂರಿನ್ ನಗರದ ಐನೌದಿ ಪ್ರಕಾಶನ. ಅದೇ 1973ರಲ್ಲಿ, ಅದೇ ಪ್ರಕಾಶನದಿಂದ ಇನ್ನೊಂದು ಪುಸ್ತಕ ಹೊರಬಿತ್ತು: ಇತಾಲೋ ಕಾಲ್ವಿನೊ ಬರೆದ 'ಇಲ್ ಕಾಸ್ತೆಲ್ಲೋ ದೇಯಿ ದೆಸ್ತೀನಿ ಇಂಕ್ರೊಚಾತಿ'. ಅದರಲ್ಲಿ ಮಾತು ಕಳೆದುಕೊಂಡ ಪಯಣಿಗರು ಒಂದು ಕೋಟೆಯಲ್ಲಿ ಸೇರುತ್ತಾರೆ. ಬಾಯಿ ಇಲ್ಲ. ಆದರೆ ಮೇಜಿನ ಮೇಲೆ ಟ್ಯಾರೋ ಎಲೆಗಳಿವೆ. ಒಬ್ಬೊಬ್ಬರೂ ಚಿತ್ರದ ಎಲೆಗಳನ್ನು ಸಾಲಾಗಿ ಇಡುತ್ತಾ ತಮ್ಮ ಕಥೆ ಹೇಳುತ್ತಾರೆ! ಮಕ್ಕಳ ತರಗತಿಯ ಆಟವೂ ಇಪ್ಪತ್ತನೆಯ ಶತಮಾನದ ದೊಡ್ಡ ಕಾದಂಬರಿಕಾರನ ಕಸುಬೂ ಒಂದೇ ಬೇರಿನವು!

ಇನ್ನೂರು ವರ್ಷದ ಹಿಂದೆ...

ಹಿಂದೆ ಸರಿದಷ್ಟೂ ಬೆರಗು ಬೆಳೆಯುತ್ತದೆ. 1928ಕ್ಕೆ ಹೋಗಿ. ರಷ್ಯಾದ ವ್ಲಾದಿಮಿರ್ ಪ್ರಾಪ್ ನೂರು ಮಾಂತ್ರಿಕ ಜನಪದ ಕಥೆಗಳನ್ನು ಬಿಚ್ಚಿ ಹರವಿ, ಅವೆಲ್ಲವೂ 31 ಘಟನೆಗಳ ಬೇರೆ ಬೇರೆ ಜೋಡಣೆಗಳು ಎಂದು ಸಾರಿದರು. ನಾಯಕ ಮನೆ ಬಿಡುತ್ತಾನೆ, 'ಮಾಡಬೇಡ' ಎಂದದ್ದನ್ನು ಮಾಡುತ್ತಾನೆ, ಮಾಯಾವಸ್ತು ಸಿಗುತ್ತದೆ, ದುಷ್ಟನೊಡನೆ ಸೆಣಸುತ್ತಾನೆ... ಹೀಗೆ. ಅದೇ 1928ರಲ್ಲಿ, ಸಾಗರದಾಚೆಯ ಅಮೆರಿಕದಲ್ಲಿ, ವಿಲಿಯಂ ವ್ಯಾಲೆಸ್ ಕುಕ್ ಎಂಬ ಅಗ್ಗದ ಪತ್ರಿಕೆಗಳ ಕಥೆಗಾರ 'ಪ್ಲಾಟೊ' ಎಂಬ ಪುಸ್ತಕ ತಂದರು. ಕಥೆಗಾರರು ಬೇಕಾದಂತೆ ಕೂಡಿಸಿಕೊಳ್ಳಲು ಅದರಲ್ಲಿ 1,462 ಕಥಾಸನ್ನಿವೇಶಗಳು! ಒಬ್ಬರು ವಿದ್ವಾಂಸ, ಒಬ್ಬರು ಹೊಟ್ಟೆಪಾಡಿನ ಬರಹಗಾರ, ಇಬ್ಬರೂ ಒಂದೇ ವರ್ಷ ಒಂದೇ ಬಾಗಿಲು ತಟ್ಟಿದ್ದರು. ಪ್ರಾಪ್ ಹೇಳಿದ 31ನ್ನು 20ಕ್ಕೆ ಇಳಿಸಿ, ಚಿತ್ರದ ಎಲೆಗಳಾಗಿ ಮಾಡಿ ಮಕ್ಕಳ ಕೈಗೆ ಕೊಟ್ಟದ್ದು ರೋದಾರಿ ಮತ್ತು ರೆಜ್ಜೋ ಎಮೀಲಿಯಾದ ಶಿಕ್ಷಕರು.

ಇನ್ನೂ ಹಿಂದೆ, 1824ರ ಲಂಡನ್. ಜಾನ್ ಕ್ಲಾರ್ಕ್ ಎಂಬುವವರು 'ಮಿರಿಯೊರಾಮ' ಎಂಬ ಹೆಸರಿನಲ್ಲಿ 16 ಎಲೆಗಳ ಒಂದು ಕಟ್ಟು ಹೊರತಂದರು. ಒಂದೊಂದು ಎಲೆಯ ಮೇಲೂ ನಿಸರ್ಗದ ಒಂದೊಂದು ತುಣುಕು: ಕೊಳ, ಗೋಪುರ, ದಾರಿಹೋಕರು, ಪಾಳುಕೋಟೆ. ಚಮತ್ಕಾರವೇನೆಂದರೆ ಎಲ್ಲ ಎಲೆಗಳಲ್ಲೂ ದಿಗಂತದ ಗೆರೆ ಒಂದೇ ಎತ್ತರದಲ್ಲಿ ಕೂಡಿಕೊಳ್ಳುತ್ತದೆ. ಯಾವುದರ ಪಕ್ಕ ಯಾವುದನ್ನಿಟ್ಟರೂ ಚಿತ್ರ ಮುರಿಯದೆ ಮುಂದುವರಿಯುತ್ತದೆ! ಹದಿನಾರು ಎಲೆಗಳನ್ನು ಸಾಲಿಡುವ ಬಗೆಗಳು ಎಷ್ಟು? 2,09,22,78,98,88,000. ಅಂದರೆ ಸುಮಾರು 20 ಲಕ್ಷ 92 ಸಾವಿರ ಕೋಟಿ ನೋಟಗಳು, ಒಂದು ಮಗುವಿನ ಮೇಜಿನ ಮೇಲೆ, ಇನ್ನೂರು ವರ್ಷಗಳ ಹಿಂದೆ.

ಅದಕ್ಕಿಂತಲೂ ಮುಂಚೆ ದಾಳದಿಂದ ಸಂಗೀತವನ್ನೇ ಕಟ್ಟಿದ್ದರು! 1757ರಲ್ಲಿ ಕಿರ್ನ್‌ಬರ್ಗರ್ ಎಂಬ ಜರ್ಮನ್ ಸಂಗೀತಗಾರ ಅಂಥ ಆಟವೊಂದನ್ನು ಅಚ್ಚು ಹಾಕಿಸಿದರು. 1790ರ ದಶಕದಲ್ಲಿ ಮೊಟ್ಸಾರ್ಟ್ ಹೆಸರು ಹೊತ್ತು ಇನ್ನೊಂದು ಬಂತು. ಎರಡು ದಾಳ ಉರುಳಿಸಿ, ಬಿದ್ದ ಸಂಖ್ಯೆಗೆ ತಕ್ಕ ಸ್ವರಖಂಡವನ್ನು ಆರಿಸಿ ಜೋಡಿಸುತ್ತಾ ಹೋದರೆ ಹದಿನಾರು ಖಂಡಗಳ ನೃತ್ಯಸಂಗೀತ ಸಿದ್ಧ!

ಶಕುನಿಯ ಕೈಯಿಂದ ಕೂಸಿನ ಕೈಗೆ

ದಾಳ ಎಂದೊಡನೆ ನಮಗೆ ನೆನಪಾಗುವುದು ಶಕುನಿ. ಹಸ್ತಿನಾವತಿಯ ಸಭೆ, ಪಗಡೆಯ ಹಾಸು, ಪಣಕ್ಕೊಡ್ಡಿದ ರಾಜ್ಯ. ನಳನ ಕಥೆಯಲ್ಲೂ ಅದೇ ದಾಳ, ಅದೇ ವನವಾಸ. ಋಗ್ವೇದದ ಹತ್ತನೆಯ ಮಂಡಲದಲ್ಲೇ ಜೂಜಿನಲ್ಲಿ ಸೋತವನ ಗೋಳಿದೆ. ಮೊಹೆಂಜೊದಾರೊ ಅಗೆದಾಗ ಸುಟ್ಟಮಣ್ಣಿನ ದಾಳಗಳು ಸಿಕ್ಕಿವೆ. ಈ ನೆಲದಲ್ಲಿ ದಾಳಕ್ಕೆ ನಾಲ್ಕು ಸಾವಿರ ವರ್ಷಕ್ಕೂ ಮಿಕ್ಕ ಆಯುಸ್ಸು. ಅಷ್ಟೂ ಕಾಲ ಅದಕ್ಕೆ ಅಂಟಿಕೊಂಡದ್ದು ಜೂಜಿನ ಕೆಟ್ಟ ಹೆಸರು.

ಆದರೆ ಒಂದು ಗಳಿಗೆ ಯೋಚಿಸಿ. ಆ ದಾಳ ಅಂದು ಉರುಳದೇ ಹೋಗಿದ್ದರೆ? ಪಾಂಡವರು ಕಾಡಿಗೆ ಹೋಗುತ್ತಿರಲಿಲ್ಲ. ಯಕ್ಷಪ್ರಶ್ನೆಯಿಲ್ಲ, ಅಜ್ಞಾತವಾಸವಿಲ್ಲ, ಕೀಚಕನಿಲ್ಲ, ಬೃಹನ್ನಳೆಯಿಲ್ಲ! ನಮ್ಮ ಅತಿ ದೊಡ್ಡ ಕಥೆ ತಿರುವು ತೆಗೆದುಕೊಂಡದ್ದೇ ದಾಳದ ಮೇಲೆ. ದಾಳಕ್ಕೂ ಕಥೆಗೂ ಇರುವ ನಂಟನ್ನು ಉತ್ತರ ಐರ್ಲೆಂಡಿನವರು ನಮಗೆ ಹೇಳಿಕೊಡಬೇಕಿಲ್ಲ. ಅವರು ಮಾಡಿದ್ದು ಇಷ್ಟೇ: ಪಣವನ್ನು ಕಿತ್ತುಹಾಕಿ ಕಥೆಯನ್ನು ಉಳಿಸಿಕೊಂಡರು.

ಮತ್ತೆ, ಹೇಳದೆ ಉಳಿದ ಕಥೆಯ ಗತಿ ಏನಾಗುತ್ತದೆ ಎಂಬುದನ್ನು ಕನ್ನಡದ ಜನಪದ ಕಥೆಯಷ್ಟು ಸೊಗಸಾಗಿ ಹೇಳಿದವರು ಯಾರು? ಎ.ಕೆ. ರಾಮಾನುಜನ್ ಸಂಗ್ರಹಿಸಿ ಇಂಗ್ಲಿಷಿನಲ್ಲಿ ಕೊಟ್ಟ ಒಂದು ಕನ್ನಡ ಕಥೆ ಇದೆ. ಒಬ್ಬಳಿಗೆ ಒಂದು ಕಥೆ ಗೊತ್ತಿತ್ತು, ಒಂದು ಹಾಡು ಗೊತ್ತಿತ್ತು. ಅವಳು ಯಾರಿಗೂ ಹೇಳಲಿಲ್ಲ. ಒಳಗೇ ಉಸಿರುಗಟ್ಟಿದ ಅವೆರಡೂ ಒಂದು ದಿನ ಅವಳು ಬಾಯಿ ತೆರೆದು ಮಲಗಿದ್ದಾಗ ಹೊರಬಿದ್ದವು. ಕಥೆ ಬಾಗಿಲಲ್ಲಿ ಜೋಡಿ ಚಪ್ಪಲಿಯಾಯಿತು, ಹಾಡು ಗೂಟಕ್ಕೆ ನೇತುಬಿದ್ದ ಗಂಡಸಿನ ಕೋಟಾಯಿತು! ಗಂಡ ಬಂದು ನೋಡಿದ, ಅನುಮಾನ ಹೊಕ್ಕಿತು, ಜಗಳವಾಯಿತು, ಕಂಬಳಿ ಎತ್ತಿಕೊಂಡು ಹನುಮಂತನ ಗುಡಿಗೆ ಹೋಗಿ ಮಲಗಿದ. ರಾತ್ರಿ ಊರಿನ ಮನೆಗಳಲ್ಲಿ ಆರಿದ ದೀಪದ ಕುಡಿಗಳೆಲ್ಲ ಆ ಗುಡಿಗೆ ಬಂದು ಹರಟುವಾಗ ಅವನ ಮನೆಯ ದೀಪದ ಬಾಯಿಂದ ನಿಜ ತಿಳಿಯಿತು. ಓಡಿ ಬಂದು ಹೆಂಡತಿಯನ್ನು ಕೇಳಿದರೆ ಅವಳಿಗೆ ಕಥೆಯೂ ಮರೆತಿತ್ತು, ಹಾಡೂ ಮರೆತಿತ್ತು. ಮಕ್ಕಳ ಬಾಯಿ ಬಿಡಿಸಬೇಕು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ!

ನಮ್ಮ ದಾಳ ನಾವೇ ಮಾಡೋಣ

ಈ ಆಟದ ಅತಿ ದೊಡ್ಡ ಸಂತೋಷ ಇನ್ನು ಹೇಳಬೇಕಿದೆ. ಇದನ್ನು ಕೊಳ್ಳಲೇಬೇಕಿಲ್ಲ! ಹಳೆಯ ಮದುವೆ ಕಾಗದದ ದಪ್ಪ ರಟ್ಟು ತೆಗೆದುಕೊಳ್ಳಿ. ಸಮನಾದ ಆರು ಚೌಕಗಳನ್ನು ಶಿಲುಬೆಯಾಕಾರದಲ್ಲಿ ಗೆರೆ ಹಾಕಿ, ಅಂಚಿಗೆ ಅಂಟು ಹಚ್ಚಲು ತುಸು ಪಟ್ಟಿ ಬಿಟ್ಟು ಕತ್ತರಿಸಿ. ಚಿತ್ರ ಬರೆಯುವುದು ಮಡಿಸುವ ಮೊದಲು, ಚೌಕ ಚಪ್ಪಟೆಯಾಗಿರುವಾಗಲೇ. ಆಮೇಲೆ ಮಡಿಸಿ ಅಂಟಿಸಿದರೆ ದಾಳ ಸಿದ್ಧ. ಬಡಗಿಯ ಅಂಗಡಿಯಲ್ಲಿ ಉಳಿದ ಚೌಕದ ಮರದ ತುಂಡುಗಳು ಸಿಕ್ಕರಂತೂ ಉಪ್ಪುಕಾಗದದಿಂದ ಅಂಚು ಉಜ್ಜಿ, ಮೇಲೆ ಪೆನ್ನಿನಿಂದ ಬರೆದರಾಯಿತು.

ಏನು ಬರೆಯಬೇಕು? ಹಲಸಿನ ಹಣ್ಣು ಬರೆಯಿರಿ. ಒರಳುಕಲ್ಲು ಬರೆಯಿರಿ. ಕೆಂಪು ಬಸ್ಸು, ಕಂಬಳಿ, ಕೊಡೆ, ಬಾವಿ, ಒಂಟಿ ಚಪ್ಪಲಿ, ಯಕ್ಷಗಾನದ ಕಿರೀಟ, ಗುಬ್ಬಿ ಗೂಡು, ಸಂತೆಯ ತಕ್ಕಡಿ, ಕರೆಂಟು ಹೋದಾಗಿನ ಮೇಣದಬತ್ತಿ. ಎಲ್ಲವೂ ವಸ್ತುಗಳೇ ಆಗದಿರಲಿ. ಅಳುವ ಮುಖ, ಓಡುವ ಕಾಲು, ಬಡಿಯುವ ಬಾಗಿಲು, ಸುರಿಯುವ ಮಳೆಯೂ ಇರಲಿ. ಹತ್ತಿರದ ನಂಟಿನ ಚಿತ್ರಗಳನ್ನು, ಒರಳು ಮತ್ತು ಬೀಸುವ ಕಲ್ಲಿನಂಥವನ್ನು, ಒಂದೇ ದಾಳದ ಮೇಲೆ ಬರೆಯಿರಿ. ಆಗ ಅವೆರಡೂ ಒಟ್ಟಿಗೆ ಬೀಳುವುದೇ ಇಲ್ಲ, ದೂರದ ಜೋಡಿಗಳೇ ಬೀಳುತ್ತವೆ! ಚಿತ್ರ ವಕ್ರವಾಗಿ ಬಂದರೆ ಇನ್ನೂ ಒಳ್ಳೆಯದು. ಒಬ್ಬರಿಗೆ ಗುಡ್ಡವಾಗಿ ಕಂಡದ್ದು ಇನ್ನೊಬ್ಬರಿಗೆ ಇಡ್ಲಿಯಾಗಿ ಕಾಣಲಿ.

ನಮ್ಮ ಸರ್ಕಾರಿ ಶಾಲೆಗಳಿಗೆ ಇದು ಹೊರಗಿನ ವಸ್ತುವಾಗಿ ಕಾಣಲಾರದು. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾಗಿ ರಾಜ್ಯಕ್ಕೆಲ್ಲ ಹಬ್ಬಿದ ನಲಿ-ಕಲಿ ತರಗತಿಗಳಲ್ಲಿ ಮಕ್ಕಳು ನೆಲದ ಮೇಲೆ ಗುಂಪಾಗಿ ಕೂತು ಚಿತ್ರದ ಕಾರ್ಡುಗಳ ಜೊತೆ ಕಲಿಯುತ್ತಲೇ ಬಂದಿದ್ದಾರೆ. ಆ ಗುಂಪಿನ ನಡುವೆ ಮೂರು ರಟ್ಟಿನ ದಾಳ ಉರುಳಿದರೆ ಸಾಕು. ಕಲಬುರಗಿಯ ಮಗು ಕಲಬುರಗಿಯ ಮಾತಿನಲ್ಲಿ, ಕುಂದಾಪುರದ ಮಗು ಕುಂದಾಪುರದ ಮಾತಿನಲ್ಲಿ, ಮನೆಯಲ್ಲಿ ಲಂಬಾಣಿ ಆಡುವ ಮಗು ಅದರಲ್ಲೇ ಶುರು ಮಾಡಲಿ. ದಾಳಕ್ಕೆ ಎಲ್ಲ ಮಾತೂ ಬರುತ್ತದೆ! ಕಥೆ ಮುಗಿದ ಮೇಲೆ ಅದನ್ನೇ ಬರೆಸಿದರೆ, ಬರೆಯಲು ಏನಿದೆ ಎಂಬ ಗೋಳು ಯಾವ ಮಗುವಿಗೂ ಇರುವುದಿಲ್ಲ. ಹೇಳಿದ್ದು ಆಗಲೇ ಬಾಯಲ್ಲಿದೆಯಲ್ಲ.

ದೊಡ್ಡವರಿಗೆ ನಾಲ್ಕು ಮಾತು

ಆಟ ಕೆಡುವುದು ದೊಡ್ಡವರಿಂದಲೇ. ಹಾಗಾಗಿ ಎಚ್ಚರ! ಕಥೆಯ ನಡುವೆ ವ್ಯಾಕರಣ ತಿದ್ದಬೇಡಿ. 'ಆಮೆ ಹಾರುವುದುಂಟೇ' ಎನ್ನಬೇಡಿ, 'ಹಾರಿ ಎಲ್ಲಿಗೆ ಹೋಯಿತು' ಎನ್ನಿ. ನೀತಿ ಏನು ಎಂದು ಕೊನೆಗೆ ಕೇಳಲೇಬೇಡಿ. ಮಗು ತಡವರಿಸಿದರೆ ಕಾಯಿರಿ, ಆ ಮೌನದಲ್ಲಿ ಅದು ದಾರಿ ಹಾಕುತ್ತಿದೆ. ನಾಚುವ ಮಗುವಿಗೆ ಒಂಬತ್ತು ದಾಳ ಹೊರೆ, ಎರಡು ಕೊಡಿ. ಮೂರು ವರ್ಷದೊಳಗಿನ ಕೂಸುಗಳಿದ್ದರೆ ಬಾಯಿಗೆ ಹಾಕಿಕೊಳ್ಳುವಷ್ಟು ಚಿಕ್ಕ ದಾಳ ಬೇಡ, ದೊಡ್ಡದನ್ನೇ ಮಾಡಿ. ಸ್ಪರ್ಧೆ, ಬಹುಮಾನ, ಅಂಕ ಮೂರನ್ನೂ ದೂರವಿಡಿ. ಗೆಲ್ಲುವವರಿಲ್ಲದ ಆಟ ಎಂಬುದೇ ಇದರ ಬಲ. ನೀವೂ ಒಂದು ಸರದಿ ಹೇಳಿ, ತೊದಲಿದರೆ ತೊದಲಿ. ಅಪ್ಪನಿಗೂ ಅಮ್ಮನಿಗೂ ಕಥೆ ಕೂಡಲೇ ಹೊಳೆಯುವುದಿಲ್ಲ ಎಂದು ಕಂಡ ಮಗು ತನ್ನ ಅಂಜಿಕೆ ಬಿಡುತ್ತದೆ.

ಹೇಳಲು ಬಂದ ಮಗುವಿಗೆ ಕೇಳಲೂ ಬರುತ್ತದೆ. ತನ್ನ ಸರದಿ ಬಂದಾಗ ಎಳೆ ಹಿಡಿಯಬೇಕಾದರೆ ಹಿಂದಿನವರ ಮಾತಿಗೆ ಕಿವಿಗೊಡಲೇಬೇಕಲ್ಲ! ಗೆಳತಿ ಸಾಯಿಸಿದ ರಾಜನನ್ನು ಬದುಕಿಸುವುದು ಹೇಗೆ, ತಮ್ಮ ಕಳೆದ ಕೊಡೆಯನ್ನು ಹುಡುಕುವುದು ಹೇಗೆ ಎಂದು ಅದು ತಲೆ ಓಡಿಸುತ್ತದೆ. ಇನ್ನೊಬ್ಬರ ಕಥೆಯನ್ನು ಮುರಿಯದೆ ತನ್ನದನ್ನು ಸೇರಿಸುವ ವಿದ್ಯೆ ದೊಡ್ಡವರಲ್ಲೇ ಅಪರೂಪ. ಅದು ಇಲ್ಲಿ ಆರು ವರ್ಷಕ್ಕೇ ಕೈಗೂಡುತ್ತದೆ.

ಆದ್ದರಿಂದ ಓದುಗರೇ, ಇದನ್ನು ಓದಿ ಬದಿಗಿಡಬೇಡಿ. ಒಂದು ರಟ್ಟು, ಒಂದು ಕತ್ತರಿ, ಸ್ವಲ್ಪ ಅಂಟು ಹುಡುಕಿ. ಈ ಭಾನುವಾರ ಮಕ್ಕಳನ್ನು ಕೂರಿಸಿಕೊಂಡು ಮೂರು ದಾಳ ಮಾಡಿ, ಚಿತ್ರಗಳನ್ನು ಅವರೇ ಬರೆಯಲಿ. ರಾತ್ರಿ ಊಟವಾದ ಮೇಲೆ ಫೋನುಗಳನ್ನು ಒಳಕೋಣೆಯಲ್ಲಿಟ್ಟು ಬಂದು ದಾಳ ಚೆಲ್ಲಿ. ಮೊದಲ ಸರದಿಯನ್ನು ಮನೆಯ ಅತಿ ಚಿಕ್ಕವರಿಗೇ ಬಿಟ್ಟುಕೊಡಿ.